ಮಗುವಿನ ಕಾಲು ಮುರಿದರೆ: ಕಟ್ಟು ಹಾಕಿಸಿದ ಮೇಲೆ ಏನೇನು ನೋಡಬೇಕು

ಮಕ್ಕಳ ಮೂಳೆ ಬೇಗ ಕೂಡುತ್ತದೆ, ಹೆದರಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ನನ್ನ ಮಗಳ ಮೂಳೆಯೂ ಬೇಗ ಕೂಡಿತು. ಆದರೆ ತೊಂದರೆಗಳು ಬಂದದ್ದು ಮೂಳೆ ಕೂಡುವ ಮೊದಲು ಒಂದು ಸಲ, ಕೂಡಿ ಎಷ್ಟೋ ತಿಂಗಳಾದ ಮೇಲೆ ಇನ್ನೊಂದು ಸಲ. ಎರಡೂ ಸಲ ಮೊದಲು ಕಂಡದ್ದು ನನಗೆ, ಡಾಕ್ಟರಿಗಲ್ಲ. ಅದರಲ್ಲಿ ಅವರ ತಪ್ಪೇನಿಲ್ಲ. ಮಗು ದಿನವಿಡೀ ಇರುವುದು ನಮ್ಮ ಕಣ್ಣ ಮುಂದೆ. ಹಾಗಾಗಿ ಯಾವಾಗ ಏನು ನೋಡಬೇಕು, ನೋಡಿದ್ದನ್ನು ಡಾಕ್ಟರಿಗೆ ಹೇಗೆ ಹೇಳಬೇಕು ಅನ್ನುವುದು ತಂದೆತಾಯಿಗೆ ಗೊತ್ತಿರಲೇಬೇಕು.

ನಾನು ಅರಸೀಕೆರೆಯಲ್ಲಿ ಬ್ಲೌಸ್, ಲಂಗ ಹೊಲಿಯುವವಳು. ಮಗಳಿಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಜಾತ್ರೆಯಲ್ಲಿ ಗಾಳಿ ತುಂಬಿದ ಜಂಪಿಂಗ್ ಹಾಸು ಇರುತ್ತಲ್ಲ, ಅದರ ಮೇಲೆ ಕುಣಿಯುತ್ತಿದ್ದಳು. ಪಕ್ಕದಲ್ಲಿ ದೊಡ್ಡ ಹುಡುಗನೊಬ್ಬ ಹಾರಿ ಬಿದ್ದ. ಆ ಭಾರಕ್ಕೆ ಹಾಸು ಮೇಲೆದ್ದು ಇವಳ ಕಾಲಿಗೆ ಬಡಿಯಿತು. ಎಕ್ಸ್‌ರೇಯಲ್ಲಿ ಮಂಡಿಯ ಸ್ವಲ್ಪ ಕೆಳಗೆ ಕೂದಲೆಳೆಯಷ್ಟು ಗೆರೆ. ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಕುಣಿಯುವ ಕಡೆ ಚಿಕ್ಕ ಮಕ್ಕಳಿಗೆ ಇದೇ ಜಾಗದಲ್ಲಿ ಮುರಿಯುವುದು ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಜಂಪಿಂಗ್‌ಗೆ ಬಿಡುವುದಾದರೆ ಒಂದೇ ವಯಸ್ಸಿನವರ ಜೊತೆ ಮಾತ್ರ ಬಿಡಿ.

ಬಿದ್ದ ಗಳಿಗೆಯಲ್ಲಿ

ಕಾಲನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಹೇಗಿದೆಯೋ ಹಾಗೇ ಇರಲಿ. ರಟ್ಟಿನ ಪೆಟ್ಟಿಗೆ ಹರಿದು ಕಾಲಿನ ಅಡಿಗೂ ಪಕ್ಕಕ್ಕೂ ಇಟ್ಟು, ಒಳಗೆ ಮೆತ್ತನೆ ಬಟ್ಟೆ ತುಂಬಿ, ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲ್ಲಾಡದ ಹಾಗೆ ಸಡಿಲವಾಗಿ ಕಟ್ಟಿ. 108ಕ್ಕೆ ಫೋನ್ ಮಾಡಿ. ಅಳು ನಿಲ್ಲಿಸಲು ಬಿಸ್ಕತ್ತು, ಹಾಲು ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಕೊನೆಯ ಸಲ ಎಷ್ಟು ಹೊತ್ತಿಗೆ ತಿಂದಿತು ಅನ್ನುವುದನ್ನು ನೆನಪಿಟ್ಟು ಡಾಕ್ಟರಿಗೆ ಹೇಳಿ.

ಚರ್ಮ ಹರಿದು ರಕ್ತ ಬರುತ್ತಿದ್ದರೆ, ಮೂಳೆ ಕಾಣುತ್ತಿದ್ದರೆ, ತೊಳೆದ ಬಟ್ಟೆ ಮುಚ್ಚಿ ಅಷ್ಟೇ. ಕಾಫಿ ಪುಡಿ, ಅರಿಶಿನ ಒತ್ತಬೇಡಿ. ಇಂಥ ಗಾಯಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಎಷ್ಟು ಬೇಗ ಬೀಳುತ್ತದೋ ಅಷ್ಟು ಒಳ್ಳೆಯದು. ಅದಕ್ಕೇ ಆಸ್ಪತ್ರೆಗೆ ಹೋದ ತಕ್ಷಣ ಗಾಯವಾದ ಹೊತ್ತು ಹೇಳಿ, ಟಿಟಿ ಯಾವಾಗ ಹಾಕಿಸಿದ್ದು ಅಂತ ಹೇಳಿ.

ಮನೆಯ ಹಿರಿಯರು ಪುತ್ತೂರು ಕಟ್ಟಿಗೆ ಹೋಗೋಣ ಅನ್ನುತ್ತಾರೆ. ನಮ್ಮ ಅತ್ತೆಯೂ ಅಂದರು. ಅವರ ಕಾಳಜಿ ಸುಳ್ಳಲ್ಲ, ಆ ಕಟ್ಟಿನಿಂದ ಎಷ್ಟೋ ಜನರ ಮೂಳೆ ಕೂಡಿದೆ ಅನ್ನುವುದೂ ನಿಜ. ಆದರೆ ಹೊಸದಾಗಿ ಮುರಿದ ಕಾಲಲ್ಲಿ ಊತ ಇನ್ನೂ ಏರುತ್ತಿರುತ್ತದೆ. ಸುತ್ತಲೂ ಬಿದಿರು ದಬ್ಬೆ ಇಟ್ಟು ಬಿಗಿದರೆ ಊತಕ್ಕೆ ಹೊರಗೆ ಹೋಗಲು ಜಾಗವಿಲ್ಲ, ರಕ್ತ ಓಡಾಡುವುದು ನಿಲ್ಲುತ್ತದೆ. ಬಿಗಿ ಕಟ್ಟಿನಿಂದ ಬೆರಳು ಕಪ್ಪಾಗಿ ಕಾಲನ್ನೇ ತೆಗೆಸಿಕೊಂಡವರಿದ್ದಾರೆ. ಮೊದಲು ಎಕ್ಸ್‌ರೇ, ಮೊದಲು ಆಸ್ಪತ್ರೆ. ಈ ಒಂದು ವಿಷಯದಲ್ಲಿ ಯಾರ ಮುಲಾಜೂ ನೋಡಬೇಡಿ.

ದುಡ್ಡಿನ ಚಿಂತೆಗೆ ಒಂದೆರಡು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಇದು ನಡೆಯುವುದಿಲ್ಲ, ತುರ್ತು ಚಿಕಿತ್ಸೆಗೆ ಮಾತ್ರ ರೆಫರಲ್ ಬೇಡ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ. ಮುಂಗಡ ಕಟ್ಟಿದರೇ ಮುಟ್ಟುತ್ತೇವೆ ಅಂತ ತುರ್ತಿನಲ್ಲಿ ಖಾಸಗಿಯವರೂ ಹೇಳುವ ಹಾಗಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಅದಿದೆ.

ಮೊದಲ ಎರಡು ಮೂರು ರಾತ್ರಿ

ಇದನ್ನು ನಿಧಾನವಾಗಿ ಓದಿ. ಎಲ್ಲಕ್ಕಿಂತ ಅಪಾಯ ಇರುವುದು ಇಲ್ಲಿ.

ನಾವು ಮೊದಲು ಹೋದ ನರ್ಸಿಂಗ್ ಹೋಮ್‌ನಲ್ಲಿ ಅವತ್ತೇ ತೊಡೆಯಿಂದ ಪಾದದವರೆಗೆ ಸುತ್ತಲೂ ಪೂರ್ತಿ ಪ್ಲಾಸ್ಟರ್ ಹಾಕಿ, ವಾರ ಬಿಟ್ಟು ಬನ್ನಿ ಅಂದರು. ಮನೆಗೆ ಬಂದೆವು. ರಾತ್ರಿ ಅಳು ಶುರುವಾಯಿತು. ಸಿರಪ್ ಕೊಟ್ಟೆ, ಅರ್ಧ ಗಂಟೆ ನೋಡಿದೆ, ಅಳು ಇಳಿಯುವ ಬದಲು ಏರಿತು. ನನ್ನ ಮಗಳು ಬಿದ್ದು ಗಾಯ ಮಾಡಿಕೊಂಡರೂ ಹೆಚ್ಚು ಅಳುವವಳಲ್ಲ. ಆ ರಾತ್ರಿ ಎತ್ತಿಕೊಂಡರೂ ಬೇಡ, ಮಲಗಿಸಿದರೂ ಬೇಡ, ತಲೆ ಅತ್ತ ಇತ್ತ ಹೊರಳಿಸುತ್ತಿದ್ದಳು. ಪ್ಲಾಸ್ಟರಿನ ಹೊರಗೆ ಕಾಣುತ್ತಿದ್ದ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸಿದೆ. ಚೀರಿಕೊಂಡಳು. ಮುಟ್ಟಿದ್ದು ಬೆರಳನ್ನು, ನೋವು ಎದ್ದದ್ದು ಮೀನಖಂಡದಲ್ಲಿ. ಫೋನ್ ಮಾಡಿದರೆ ಮೂಳೆ ಮುರಿದಿದೆಯಲ್ಲಮ್ಮ, ನೋವು ಇದ್ದೇ ಇರುತ್ತೆ, ಬೆಳಿಗ್ಗೆ ನೋಡೋಣ ಅಂದರು. ನನ್ನ ತಮ್ಮ ಕಾರು ತಂದ, ಹಾಸನಕ್ಕೆ ಹೊರಟೆವು.

ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಪ್ರಶ್ನೆ ಕೇಳುತ್ತಲೇ ಪ್ಲಾಸ್ಟರನ್ನು ಎರಡೂ ಪಕ್ಕ ಉದ್ದಕ್ಕೆ ಸೀಳಿಸಿದರು. ಅಲ್ಲಿಗೆ ಬಿಡಲಿಲ್ಲ. ಒಳಗಿನ ಹತ್ತಿ ಸುರುಳಿಯನ್ನೂ ಕತ್ತರಿಯಲ್ಲಿ ಕತ್ತರಿಸಿ, ಚರ್ಮ ಕಾಣುವವರೆಗೆ ಬಿಡಿಸಿದರು. ಹತ್ತಿಯೂ ರಕ್ತ, ನೀರು ಕುಡಿದು ಒಣಗಿದರೆ ಬಿಗಿಯುತ್ತದೆಯಂತೆ. ಸ್ವಲ್ಪ ಹೊತ್ತಿಗೆ ಅಳು ಬಿಕ್ಕಳಿಕೆಗೆ ಇಳಿಯಿತು, ಆಮೇಲೆ ನಿದ್ದೆ ಹತ್ತಿತು. ಸೀಳಿದ ಮೇಲೂ ನೋವು ಇಳಿಯದಿದ್ದರೆ ಆಪರೇಷನ್ ಥಿಯೇಟರಿಗೆ ಕರೆದೊಯ್ಯಬೇಕಿತ್ತು ಅಂದರು.

ಈ ಅಪಾಯಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಮೊಣಕಾಲಿನ ಕೆಳಗಿನ ಸ್ನಾಯುಗಳು ಬಿಗಿಯಾದ ಪೊರೆಯೊಳಗೆ ಗುಂಪು ಗುಂಪಾಗಿರುತ್ತವೆ. ಒಳಗೆ ಊತ ಬಂದರೆ ಪೊರೆ ಹಿಗ್ಗುವುದಿಲ್ಲ, ಒತ್ತಡ ಏರಿ ಸ್ನಾಯುವಿಗೆ ರಕ್ತ ಸಿಗುವುದಿಲ್ಲ. ಸುಮಾರು ಆರು ಗಂಟೆ ಹೀಗೇ ಹೋದರೆ ಸ್ನಾಯು ಮತ್ತೆ ಸರಿಯಾಗದಷ್ಟು ಹಾಳಾಗಲು ಶುರುವಾಗುತ್ತದೆ. ಬೆಳಗಾಗುವವರೆಗೆ ಕಾಯುವ ವಿಷಯ ಇದಲ್ಲ.

ಮಕ್ಕಳಲ್ಲಿ ಇದನ್ನು ಹಿಡಿಯುವುದು ಹೀಗೆ: ಮಗು ಸಮಾಧಾನವೇ ಆಗದೆ ಚಡಪಡಿಸುತ್ತದೆ. ನೋವಿನ ಔಷಧಿ ಮೊದಲಿಗಿಂತ ಬೇಗ ಬೇಗ ಬೇಕಾಗುತ್ತದೆ, ಕೊಟ್ಟರೂ ಸಾಲುವುದಿಲ್ಲ. ಬೆರಳನ್ನು ನಾವು ಬಗ್ಗಿಸಿದರೆ ಮೀನಖಂಡದಲ್ಲಿ ತಡೆಯಲಾಗದ ನೋವು. ಜೋಮು ಹಿಡಿಯುವುದು, ಬೆರಳು ಆಡಿಸಲು ಆಗದಿರುವುದು, ಬೆಳ್ಳಗಾಗುವುದು, ತಣ್ಣಗಾಗುವುದು ತಡವಾಗಿ ಬರುವ ಲಕ್ಷಣ. ಬೆರಳು ಬೆಚ್ಚಗಿದೆ, ಗುಲಾಬಿ ಬಣ್ಣ ಇದೆ, ನಾಡಿ ಸಿಗುತ್ತಿದೆ ಅಂತ ಸುಮ್ನೆ ಕೂರಬೇಡಿ. ನೋವು ಏರುತ್ತಿದ್ದರೆ ಅಷ್ಟೇ ಸಾಕು, ಹೊರಡಿ.

ಫೋನಿನಲ್ಲಿ "ತುಂಬಾ ಅಳ್ತಿದಾಳೆ" ಅಂದರೆ ಯಾರೂ ಏಳುವುದಿಲ್ಲ. ಹೀಗೆ ಹೇಳಿ: "ಪ್ಲಾಸ್ಟರ್ ಇಷ್ಟು ಗಂಟೆಗೆ ಹಾಕಿದ್ದು. ಔಷಧಿ ಇಷ್ಟು ಗಂಟೆಗೆ ಕೊಟ್ಟೆ. ಆಮೇಲೂ ನೋವು ಜಾಸ್ತಿ ಆಗ್ತಿದೆ. ಬೆರಳು ಎಳೆದರೆ ಚೀರುತ್ತಾಳೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದಾ, ಈಗಲೇ ನೋಡಬೇಕು." ಆಗಲೂ ಬೆಳಿಗ್ಗೆ ಬನ್ನಿ ಅಂದರೆ ಬೇರೆ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಕಾಲನ್ನು ಎದೆಯ ಮಟ್ಟದಲ್ಲಿ ಇಡಿ. ಮಾಮೂಲಿ ಊತಕ್ಕೆ ದಿಂಬಿನ ಮೇಲೆ ಎತ್ತಿ ಇಡುವುದು ಸರಿ. ಈ ಅನುಮಾನ ಇದ್ದಾಗ ಮಾತ್ರ ಎತ್ತರ ಬೇಡ, ರಕ್ತ ಇನ್ನೂ ಕಡಿಮೆ ಆಗುತ್ತದೆ. ಪೊರೆ ಕೊಯ್ದು ಒತ್ತಡ ಬಿಡಿಸಬೇಕು ಅಂತ ಡಾಕ್ಟರ್ ಹೇಳಿದರೆ ಊರಿನವರನ್ನೆಲ್ಲ ಕೇಳುತ್ತಾ ಕೂರದೆ ಸಹಿ ಹಾಕಿ. ಗಾಯ ದೊಡ್ಡದಾಗಿ ಕಾಣುತ್ತದೆ, ಕೆಲವು ದಿನ ತೆರೆದೇ ಇಟ್ಟಿರುತ್ತಾರೆ. ಕಾಲು ಉಳಿಯುವುದು ಅದರಿಂದಲೇ.

ಈ ಕಾರಣಕ್ಕೇ ಹೊಸ ಮುರಿತಕ್ಕೆ ಸುತ್ತಲೂ ಮುಚ್ಚದೆ, ಒಂದು ಕಡೆ ಮಾತ್ರ ಗಟ್ಟಿ ಇರುವ ಸ್ಲ್ಯಾಬ್ ಹಾಕಿ ಬ್ಯಾಂಡೇಜ್ ಸುತ್ತುವ ಡಾಕ್ಟರುಗಳು ಜಾಸ್ತಿ. ಪೂರ್ತಿ ಪ್ಲಾಸ್ಟರ್ ಹಾಕಿದ್ದರೆ ಸೀಳಿ ಬಿಡುತ್ತೀರಾ ಅಂತ ಕೇಳಿ. ಮನೆಗೆ ಹೊರಡುವ ಮುಂಚೆ ರಾತ್ರಿ ಫೋನ್ ಎತ್ತುವ ನಂಬರ್ ಬರೆಸಿಕೊಳ್ಳಿ.

ಕಟ್ಟು ಇರುವ ವಾರಗಳು

ಬಿಳಿ ಪ್ಲಾಸ್ಟರ್ ಮೇಲೆ ಗಟ್ಟಿಯಾದಂತೆ ಕಂಡರೂ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು. ಅಲ್ಲಿವರೆಗೆ ಗಟ್ಟಿ ಮಂಚದ ಅಂಚಿಗೆ ಒರಗಿಸಬೇಡಿ, ತಗ್ಗು ಬಿದ್ದು ಒಳಗೆ ಒತ್ತುತ್ತದೆ. ಹಿಮ್ಮಡಿ ಯಾವುದಕ್ಕೂ ತಾಗದ ಹಾಗೆ ಮೀನಖಂಡದ ಕೆಳಗೆ ಮಡಚಿದ ಟವೆಲ್ ಇಡಿ. ಹಿಮ್ಮಡಿಯಲ್ಲಿ ಉರಿ ಅಂತ ಮಗು ಅಂದರೆ ನಿರ್ಲಕ್ಷ್ಯ ಬೇಡ, ಹುಣ್ಣು ಅಲ್ಲೇ ಆಗುವುದು.

ಕೆರೆತಕ್ಕೆ ಒಳಗೆ ಕಡ್ಡಿ, ಹೆಣಿಗೆ ಸೂಜಿ, ಸ್ಕೇಲು ತೂರಿಸಬೇಡಿ. ಪೌಡರ್ ಸುರಿಯಬೇಡಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿ ಬಿಡಿ. ಮಗು ಚಿಲ್ಲರೆ ಕಾಸು, ಪೆನ್ಸಿಲ್ ತುಂಡು ಒಳಗೆ ಹಾಕಿಕೊಳ್ಳುವುದುಂಟು, ಅದನ್ನೂ ನೋಡುತ್ತಿರಿ. ಪ್ಲಾಸ್ಟರಿನಿಂದ ಕೆಟ್ಟ ವಾಸನೆ, ಮೇಲೆ ಹಬ್ಬುವ ಹಳದಿ ಅಥವಾ ಕಂದು ಕಲೆ, ಜ್ವರ, ಕಡಿಮೆಯಾಗಿದ್ದ ನೋವು ಮತ್ತೆ ಶುರುವಾಗುವುದು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ತೋರಿಸಿ.

ಆಪರೇಷನ್ ಆಗಿ ಕಂಬಿ, ಟೆನ್ಸ್ ನೈಲ್ (ಮೂಳೆಯೊಳಗೆ ತೂರಿಸುವ ಬಳುಕುವ ಕಡ್ಡಿ) ಹಾಕಿದ್ದರೆ, ಇಲ್ಲವೇ ಗಾಯ ತೆರೆದಿದ್ದರೆ, ಮೂಳೆಯ ಒಳಗೇ ಸೋಂಕು ಆಗುವ ಭಯ ಇನ್ನೂ ಹೆಚ್ಚು. ಕಂಬಿ ಹೊರಬರುವ ಜಾಗದಲ್ಲಿ ಕೆಂಪು, ಕೀವು ಕಂಡರೆ ಫೋಟೋ ತೆಗೆದು ತಾರೀಕು ಬರೆದಿಡಿ. ಸೋಂಕಿನ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಕೇಳಿ. ಜ್ವರ ಇಳಿಯಿತು ಅಂತ ಆಂಟಿಬಯೋಟಿಕ್ ನಡುವೆ ನಿಲ್ಲಿಸಬೇಡಿ.

ಮೊದಲ ಎರಡು ವಾರದೊಳಗಿನ ಎಕ್ಸ್‌ರೇ ತಪ್ಪಿಸಲೇಬೇಡಿ. ಊತ ಇಳಿದಾಗ ಪ್ಲಾಸ್ಟರ್ ಸಡಿಲವಾಗಿ ಮೂಳೆ ಜರುಗಬಹುದು. ಆಗ ಸುಲಭವಾಗಿ ಸರಿಮಾಡಬಹುದು, ಕೂಡಿದ ಮೇಲೆ ಅಷ್ಟು ಸುಲಭವಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಗಿ, ಹಾಲು, ಮೊಟ್ಟೆ, ಸೊಪ್ಪು, ಬೇಳೆ. ಕಾಲು ಸೂಪ್ ಕೊಡುವ ಆಸೆ ಮನೆಯವರಿಗಿದ್ದರೆ ಕೊಡಲಿ. ಮಲಗಿದ್ದಲ್ಲೇ ಇರುವ ಮಗುವಿಗೆ ಮಲಬದ್ಧತೆ ಆಗುತ್ತದೆ, ನೀರು, ಹಣ್ಣು ಜಾಸ್ತಿ ಕೊಡಿ.

ಪ್ಲಾಸ್ಟರ್ ಬಿಚ್ಚುವ ದಿನ ಗರಗಸದ ಸದ್ದಿಗೆ ಮಗು ಬೆದರುತ್ತದೆ. ಅದು ತಿರುಗುವ ಗರಗಸ ಅಲ್ಲ, ಅದುರುವ ಗರಗಸ, ಚರ್ಮ ಕೊಯ್ಯುವುದಕ್ಕಲ್ಲ ಇರುವುದು ಅಂತ ಮುಂಚೆಯೇ ಹೇಳಿ. ಬಿಚ್ಚಿದ ಕಾಲು ಸಣ್ಣಗಾಗಿರುತ್ತದೆ, ಚರ್ಮ ಸುಲಿದಿರುತ್ತದೆ, ಕೂದಲು ಹೆಚ್ಚಾಗಿರುತ್ತದೆ. ಕೆಲವು ವಾರ ಕುಂಟುವುದೂ ಸಹಜ. ನೀವುವವರ ಹತ್ತಿರ ಕರೆದೊಯ್ದು ಗಟ್ಟಿಯಾಗಿ ತಿಕ್ಕಿಸಬೇಡಿ. ವಾರ ವಾರಕ್ಕೂ ಕುಂಟು ಕಡಿಮೆಯಾಗುತ್ತಾ ಬರಬೇಕು. ಹಾಗೇ ನಿಂತರೆ ಅಥವಾ ಹೆಚ್ಚಾದರೆ ತೋರಿಸಿ.

ಕೂಡಿದ ಮೇಲೆ ಶುರುವಾಗುವ ತೊಂದರೆ

ಮಗಳು ಓಡಾಡಲು ಶುರುಮಾಡಿ ತಿಂಗಳುಗಳೇ ಆಗಿದ್ದವು. ಹಬ್ಬಕ್ಕೆ ಹೊಲಿದ ಲಂಗ ಉಡಿಸಿ ನಿಲ್ಲಿಸಿದೆ. ಅಂಚು ಒಂದು ಕಡೆ ಮೇಲೇರಿತ್ತು. ಅಳತೆ ನೋಡಿದರೆ ಲಂಗ ಸರಿಯಾಗೇ ಇದೆ. ಆಮೇಲೆ ಕಾಲು ನೋಡಿದೆ. ಮುರಿದಿದ್ದ ಕಾಲು ಮಂಡಿಯ ಕೆಳಗೆ ಹೊರಗಡೆಗೆ ವಾಲಿತ್ತು. ಮಂಡಿ ಕೂಡಿಸಿ ನಿಲ್ಲಿಸಿದರೆ ಪಾದಗಳು ಕೂಡುತ್ತಿರಲಿಲ್ಲ.

ನೆಂಟರು ಮೂಳೆ ಸರಿಯಾಗಿ ಕೂರಿಸಿಲ್ಲ ಅಂದರು. ತೋರಿಸಿದ ಒಬ್ಬ ಡಾಕ್ಟರ್ ಮೂಳೆ ಕತ್ತರಿಸಿ ನೆಟ್ಟಗೆ ಮಾಡೋಣ, ಮುಂದಿನ ವಾರವೇ ಅಡ್ಮಿಟ್ ಆಗಿ ಅಂದರು. ನಾನು ಇನ್ನೊಬ್ಬರನ್ನು ಕೇಳುತ್ತೇನೆ ಅಂದೆ. ಬೆಂಗಳೂರಿನಲ್ಲಿ ಮಕ್ಕಳ ಮೂಳೆಯನ್ನೇ ನೋಡುವ ಡಾಕ್ಟರ್ ಮೊದಲ ದಿನದ ಎಕ್ಸ್‌ರೇ ಕೇಳಿದರು. ಅದರಲ್ಲಿ ಮೂಳೆ ನೆಟ್ಟಗೇ ಇತ್ತು. ಕೂಡಿದಾಗಲೂ ನೆಟ್ಟಗಿತ್ತು. ಆಮೇಲೆ ವಾಲಿದೆ.

ಚಿಕ್ಕ ಮಕ್ಕಳಲ್ಲಿ ಮಂಡಿಯ ಕೆಳಗೆ ಈ ಜಾಗದಲ್ಲಿ ಮುರಿದರೆ ಹೀಗಾಗುವುದು ಗೊತ್ತಿರುವ ವಿಷಯವೇ. ಕೋಜೆನ್ ಎಂಬ ವೈದ್ಯರು 1953ರಲ್ಲೇ ಬರೆದಿದ್ದಾರೆ, ಅವರ ಹೆಸರಿನಿಂದಲೇ ಕರೆಯುತ್ತಾರೆ. ಮುರಿತ ಸಣ್ಣದಿದ್ದರೂ ಆಗಬಹುದು. ಮೂಳೆಯ ಒಳಬದಿ, ಅಂದರೆ ಇನ್ನೊಂದು ಕಾಲಿನ ಕಡೆಗಿರುವ ಬದಿ, ಹೊರಬದಿಗಿಂತ ಸ್ವಲ್ಪ ಕಾಲ ಜೋರಾಗಿ ಬೆಳೆಯುತ್ತದೆ, ಕಾಲು ಒಂದಿಷ್ಟು ಉದ್ದವೂ ಆಗಬಹುದು. ಮೊದಲ ಒಂದು, ಒಂದೂವರೆ ವರ್ಷ ವಾಲುವುದು ಹೆಚ್ಚಾಗುತ್ತದೆ, ಆಮೇಲೆ ಎರಡು ಮೂರು ವರ್ಷದಲ್ಲಿ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಸರಿಹೋಗುತ್ತದೆ. ಅವಸರದಲ್ಲಿ ಮೂಳೆ ಕತ್ತರಿಸಿದರೆ ಮತ್ತೆ ವಾಲುವುದೇ ಜಾಸ್ತಿ. ಉಳಿದುಕೊಂಡರೆ ಆಮೇಲೆ ಚಿಕ್ಕ ಪ್ಲೇಟ್ ಹಾಕಿ, ಮೂಳೆಯ ಬೆಳವಣಿಗೆಯನ್ನೇ ಬಳಸಿ ನೆಟ್ಟಗೆ ಮಾಡುವ ದಾರಿ ಇದೆ.

ಎಲ್ಲ ವಾಲುವಿಕೆಗೂ ಕಾಯಬಹುದು ಅಂದುಕೊಳ್ಳಬೇಡಿ. ಮಕ್ಕಳ ಉದ್ದ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ, ಡಾಕ್ಟರುಗಳು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಮುರಿತ ಅದರೊಳಗೆ ಹಾದು ಹೋಗಿದ್ದರೆ, ಆ ಜಾಗ ಗಟ್ಟಿಯಾಗಿ ಬೆಳವಣಿಗೆ ನಿಲ್ಲಬಹುದು. ಆಗ ಕಾಲು ಗಿಡ್ಡವಾಗುತ್ತದೆ ಅಥವಾ ಒಂದು ಕಡೆಗೆ ತಿರುಗುತ್ತದೆ, ತಾನಾಗಿ ಸರಿಹೋಗುವುದಿಲ್ಲ. ತೊಡೆ ಮೂಳೆಯ ಕೆಳತುದಿಯ ಪದರಕ್ಕೆ ಪೆಟ್ಟಾದರೆ ಈ ಅಪಾಯ ಬಹಳ ಹೆಚ್ಚು. ಅದಕ್ಕೆ ಮೊದಲ ದಿನವೇ ಕೇಳಿ: "ಗ್ರೋತ್ ಪ್ಲೇಟ್‌ಗೆ ಪೆಟ್ಟಾಗಿದೆಯಾ? ಸಾಲ್ಟರ್ ಹ್ಯಾರಿಸ್ ಎಷ್ಟನೇ ನಮೂನೆ?" ಆ ಪದರದ ಪೆಟ್ಟನ್ನು ನಮೂನೆಗಳಾಗಿ ವಿಂಗಡಿಸುವ ಪಟ್ಟಿಯ ಹೆಸರು ಸಾಲ್ಟರ್ ಹ್ಯಾರಿಸ್. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೌದು ಅಂದರೆ ಆರು ತಿಂಗಳಿಗೆ, ವರ್ಷಕ್ಕೆ ಎಕ್ಸ್‌ರೇ ಮಾಡಿಸಲೇಬೇಕು. ಎಕ್ಸ್‌ರೇಯಲ್ಲಿ ಆ ಪದರದ ಪಕ್ಕ ತೆಳು ಬಿಳಿ ಗೆರೆಯೊಂದು ಕಾಣಬಹುದು. ಅದು ಪದರಕ್ಕೆ ಸಮಾನಾಂತರವಾಗಿದ್ದರೆ ಒಳ್ಳೆಯ ಸೂಚನೆ. ಓರೆಯಾಗಿ ಹೋಗಿ ಪದರಕ್ಕೆ ತಾಗಿದರೆ ಒಂದು ಕಡೆ ಬೆಳವಣಿಗೆ ನಿಂತಿದೆ ಅಂತ ಅನುಮಾನಿಸುತ್ತಾರೆ. ನಮ್ಮ ಡಾಕ್ಟರ್ ಪರದೆಯ ಮೇಲೆ ಬೆರಳಿಟ್ಟು ಆ ಗೆರೆ ತೋರಿಸಿದರು. ನೀವೂ ತೋರಿಸಲು ಕೇಳಿ.

ತೊಡೆ ಮೂಳೆ ನಡುವೆ ಮುರಿದ ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಆ ಕಾಲು ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಬೆಳೆಯುವುದು ಮಾಮೂಲಿ. ಎರಡು ಸೆಂಟಿಮೀಟರ್ ಒಳಗಿನ ವ್ಯತ್ಯಾಸಕ್ಕೆ ಹೆಚ್ಚಿನವರಿಗೆ ಏನೂ ಬೇಡ, ಬೇಕಾದರೆ ಚಪ್ಪಲಿಯೊಳಗೆ ಒಂದು ಪದರ ಹಾಕಿದರೆ ಸಾಕು. ಅದಕ್ಕಿಂತ ಜಾಸ್ತಿ ಆದರೆ ತಜ್ಞರು ಲೆಕ್ಕ ಹಾಕಿ ನಿರ್ಧರಿಸಬೇಕು. ಮಗು ಬೆಳೆಯುವುದು ನಿಂತ ಮೇಲೆ ಹೋದರೆ ಕೆಲವು ದಾರಿಗಳು ಮುಚ್ಚಿರುತ್ತವೆ.

ಮನೆಯಲ್ಲಿ ಅಳೆಯುವುದು ನನ್ನ ಕಸುಬಿನ ಟೇಪಿನಲ್ಲೇ ಆಯಿತು. ಎರಡು ಮೂರು ತಿಂಗಳಿಗೊಮ್ಮೆ ಸಾಕು, ದಿನಾ ಅಳೆದರೆ ಮಗುವಿಗೂ ನಮಗೂ ಹಿಂಸೆ. ಚಡ್ಡಿಯಲ್ಲಿ, ಬರಿಗಾಲಲ್ಲಿ, ಒಂದೇ ಬಾಗಿಲ ಮುಂದೆ ನಿಲ್ಲಿಸಿ. ಮಂಡಿ ಚಿಪ್ಪು ಎರಡೂ ನೇರ ಮುಂದಕ್ಕೆ ಇರಬೇಕು, ಪಾದ ಎತ್ತ ತಿರುಗಿದೆ ಅನ್ನುವುದು ಮುಖ್ಯವಲ್ಲ. ಮಂಡಿಗಳು ಒಂದಕ್ಕೊಂದು ಮೆತ್ತಗೆ ತಾಗುವ ಹಾಗೆ ನಿಲ್ಲಿಸಿ, ಎರಡು ಕಾಲಿನ ಒಳಗಿನ ಗೆಣ್ಣು ಮೂಳೆಗಳ (ಪಾದದ ಮೇಲೆ ಒಳಬದಿಯಲ್ಲಿ ಉಬ್ಬಿರುವ ಮೂಳೆ) ನಡುವಿನ ಅಂತರ ಅಳೆಯಿರಿ. ಉದ್ದಕ್ಕೆ, ಮಲಗಿಸಿ ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ಮೊನೆಯಿಂದ ಒಳಗಿನ ಗೆಣ್ಣು ಮೂಳೆಯವರೆಗೆ ಟೇಪು ಹಿಡಿಯಿರಿ. ತಾರೀಕು ಹಾಕಿ ಬರೆಯಿರಿ, ಸೊಂಟದಿಂದ ಪಾದದವರೆಗೆ ಒಂದು ಫೋಟೋ ತೆಗೆಯಿರಿ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಎರಡೂ ಮಂಡಿ ಒಳಗೆ ವಾಲಿರುವುದು ಸಹಜ. ಒಂದೇ ಕಾಲು ವಾಲಿದರೆ ಅದು ತೋರಿಸಬೇಕಾದ್ದು.

ಇನ್ನೊಬ್ಬ ಡಾಕ್ಟರಿಗೆ ತೋರಿಸುವಾಗ

ಎಲ್ಲಾ ಎಕ್ಸ್‌ರೇ ಬೇಕು, ಮುಖ್ಯವಾಗಿ ಮೊದಲನೆಯದು. ನಮ್ಮ ಮಗಳಿಗೆ ಆಪರೇಷನ್ ತಪ್ಪಿದ್ದು ಆ ಒಂದು ಫಿಲ್ಮ್‌ನಿಂದ. ಅದನ್ನು ಕೊಡಲು ನರ್ಸಿಂಗ್ ಹೋಮ್‌ನವರು ನಾಳೆ ಬನ್ನಿ, ಮೇಡಂ ಇಲ್ಲ ಅಂತ ಎಳೆದಾಡಿದರು. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಡಿ: "ನನ್ನ ಮಗಳ ಕೇಸ್ ಶೀಟ್, ಡಿಸ್ಚಾರ್ಜ್ ಸಮರಿ, ಎಲ್ಲಾ ಎಕ್ಸ್‌ರೇ ಫಿಲ್ಮ್ ಅಥವಾ ಸಿಡಿ, ರಕ್ತಪರೀಕ್ಷೆ ವರದಿಗಳ ಪ್ರತಿ ಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕೆಂದು ಕೋರುತ್ತೇನೆ." ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ನನಗೆ ಅಷ್ಟಕ್ಕೇ ಸಿಕ್ಕಿತು. ಸಿಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಬೆಂಗಳೂರಿನಲ್ಲಿ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಅಷ್ಟು ದೂರ ಆಗದಿದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಮೈಸೂರಿನ ಕೆ.ಆರ್. ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕೇಳಿ.

ಆಪರೇಷನ್ ಅಂದಾಗ ನಾನು ಕೇಳಿದ ಪ್ರಶ್ನೆಗಳು ಇವು. ಈಗ ಮಾಡದೆ ಆರು ತಿಂಗಳು ಕಾದರೆ ಏನು ಕೆಡುತ್ತದೆ? ಮಾಡಿದ ಮೇಲೆ ಮತ್ತೆ ಬರುವ ಸಾಧ್ಯತೆ ಇದೆಯಾ? ಬೆಳವಣಿಗೆ ಇನ್ನೆಷ್ಟು ವರ್ಷ ಉಳಿದಿದೆ? ಈ ಥರದ ಮಕ್ಕಳನ್ನು ನೀವು ನೋಡುತ್ತಿರುತ್ತೀರಾ? ಒಳ್ಳೆಯ ಡಾಕ್ಟರುಗಳು ಇದಕ್ಕೆ ಸಿಟ್ಟಾಗುವುದಿಲ್ಲ. ಬೆಂಗಳೂರಿನ ಡಾಕ್ಟರ್ ಕಾಗದದ ಮೇಲೆ ಮೂಳೆ ಬರೆದು ಒಂದೊಂದಕ್ಕೂ ಉತ್ತರ ಕೊಟ್ಟರು, ಆ ಕಾಗದ ಈಗಲೂ ಫೈಲಿನಲ್ಲಿದೆ.

ಮಗಳ ಕಾಲಿನ ಅಂತರ ಈಗ ಕಡಿಮೆಯಾಗುತ್ತಾ ಬರುತ್ತಿದೆ. ವರ್ಷಕ್ಕೊಂದು ಎಕ್ಸ್‌ರೇ ಸಾಕು ಅಂದಿದ್ದಾರೆ. ಅಳತೆ ಮತ್ತೆ ಏರಿದರೆ, ಮಂಡಿ ನೋವು ಅಂದರೆ, ಓಡುವಾಗ ಕುಂಟಿದರೆ ವರ್ಷ ತುಂಬುವವರೆಗೆ ಕಾಯದೆ ಬನ್ನಿ ಅಂದಿದ್ದಾರೆ. ಶಾಲೆಯಲ್ಲಿ ಪಿಟಿ ಮೇಷ್ಟ್ರಿಗೂ ಇದನ್ನೇ ಬರೆದು ಕೊಟ್ಟಿದ್ದೇನೆ. ಆಟದಿಂದ ಅವಳನ್ನು ಹೊರಗೆ ಕೂರಿಸುವುದು ಬೇಡ, ಕುಂಟುವುದು ಕಂಡರೆ ಮಾತ್ರ ಫೋನ್ ಮಾಡಿ ಅಂತ.